ಅಟ್ಟದಿಂದ ಇಳಿದದ್ದು ಎಲ್ಲಿಗೆ ಹೋಯಿತು

ಕನ್ನಡ ನಾಡಿನ ಹಳ್ಳಿಗಳಲ್ಲಿ ಮನೆ ಮಾರಿ ಊರು ಬಿಡುವುದು ಬಹುಕಾಲ ಅಪರೂಪದ ಸಂಗತಿಯಾಗಿತ್ತು. ಜಮೀನು ಅಡಮಾನಕ್ಕೆ ಹೋಗುತ್ತಿತ್ತು, ಸಾಲ ತೀರದಿದ್ದರೆ ಕೈಬಿಟ್ಟೂ ಹೋಗುತ್ತಿತ್ತು. ಮನೆ ಮಾತ್ರ ಒಂದೇ ಮನೆತನದ ಕೈಯಲ್ಲಿ ತಲೆಮಾರುಗಟ್ಟಲೆ ನಿಲ್ಲುತ್ತಿತ್ತು. ಹೊಸ ಮನೆ ಹೊಗಲು ಗೃಹಪ್ರವೇಶವಿದೆ, ಹಾಲು ಉಕ್ಕಿಸುವ ಶಾಸ್ತ್ರವಿದೆ. ಹಳೆ ಮನೆಯನ್ನು ಬರಿದು ಮಾಡಿ ಕೀಲಿಕೈಯನ್ನು ಬೇರೆಯವರ ಕೈಗಿಡುವುದಕ್ಕೆ ಅಷ್ಟು ಗೊತ್ತಾದ ಶಾಸ್ತ್ರವೇನೂ ಬೆಳೆಯಲಿಲ್ಲ. ಆದರೂ ಮನೆಗಳು ಖಾಲಿಯಾದವು. ಅಣ್ಣತಮ್ಮಂದಿರು ಪಾಲಾದಾಗ, ಪ್ಲೇಗು ಬಂದಾಗ, ಅಣೆಕಟ್ಟಿನ ಹಿನ್ನೀರು ಏರಿದಾಗ, ಗೇಣಿಯ ಭೂಮಿ ಕೈತಪ್ಪಿದಾಗ, ಮಕ್ಕಳು ಬೆಂಗಳೂರು ಮುಂಬಯಿ ಸೇರಿದಾಗ. ಒಂದೊಂದು ಸಲವೂ ಅಟ್ಟದ ಮೇಲಿನದು ಕೆಳಗಿಳಿಯಿತು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಮನೆಯವರ ಮಮತೆಗಿಂತ ಹೆಚ್ಚಾಗಿ ಬಾಗಿಲಿಗೆ ಬಂದ ಕೊಳ್ಳುವವನೇ ತೀರ್ಮಾನಿಸಿದ.

ಹಳೆ ಮನೆಗಳಲ್ಲಿ ಸಾಮಾನು ಸೇರುತ್ತಿದ್ದ ಜಾಗ ಅಟ್ಟ. ಮಲೆನಾಡಿನಲ್ಲಿ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಒಲೆಯ ಹೊಗೆ ನೇರವಾಗಿ ಏರುತ್ತಿತ್ತು. ಬಿತ್ತನೆ ಬೀಜ, ಬೆತ್ತದ ಬುಟ್ಟಿ, ತಾಳೆಗರಿಯ ಕಟ್ಟು ಎಲ್ಲವೂ ಅಲ್ಲಿ ಮಸಿ ಹಿಡಿದು ಕಪ್ಪಾದರೂ ಹುಳ ಹಿಡಿಯದೆ ಉಳಿಯುತ್ತಿದ್ದವು. ಬಯಲುಸೀಮೆಯಲ್ಲಿ ಜೋಳ ನೆಲದೊಳಗಿನ ಹಗೇವಿಗೆ ಇಳಿಯುತ್ತಿತ್ತು. ಕರಾವಳಿಯಲ್ಲಿ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು, ಭತ್ತಕ್ಕೆ ಕಣಜವಿತ್ತು. ಇವುಗಳ ನಡುವೆ ವರ್ಷಕ್ಕೊಮ್ಮೆಯೂ ಕೈಗೆ ಸಿಗದ ವಸ್ತುಗಳು: ಮದುವೆಯ ಅಡುಗೆಗೆ ಬೇಕಾದ ತಾಮ್ರದ ಕೊಪ್ಪರಿಗೆ, ಊರಿಗೆಲ್ಲ ಎರವಲು ಹೋಗಿ ಬರುತ್ತಿದ್ದ ಜಮಖಾನೆ, ಕೊನೆಯ ಮಗು ನಡೆಯಲು ಕಲಿತ ಮೇಲೆ ಮೇಲೇರಿದ ತೊಟ್ಟಿಲು, ಶಾವಿಗೆ ಒರಳು, ಮುರಿದ ನೇಗಿಲ ಮೇಳಿ. ಈಗಿನ ಕಣ್ಣಿಗೆ ಇದು ಬೇಡದ ಸಾಮಾನಿನ ರಾಶಿ. ಆದರೆ ಮದುವೆ ಮುಂಜಿ ಮನೆಯಂಗಳದಲ್ಲೇ ನಡೆಯುತ್ತಿದ್ದ ಕಾಲದಲ್ಲಿ ಮೂರು ವರ್ಷಕ್ಕೊಮ್ಮೆ ಇಳಿಯುವ ಕೊಪ್ಪರಿಗೆಯೂ ದಿನಬಳಕೆಯ ತಪ್ಪಲೆಯಷ್ಟೇ ಅಗತ್ಯವಾಗಿತ್ತು. ಅಟ್ಟ ಬೇಡದ್ದರ ಜಾಗವಾದದ್ದು ಮದುವೆಗಳು ಛತ್ರಕ್ಕೆ ಹೋದ ಮೇಲೆ.

ವರ್ಷಕ್ಕೊಮ್ಮೆ ಮನೆ ಹಗುರಾಗುವ ಕಟ್ಟಳೆಯಂತೂ ಇತ್ತು. ಯುಗಾದಿಗೆ ಮುಂಚೆ ಗೋಡೆಗೆ ಸುಣ್ಣ ಬಳಿಯುವಾಗ ಸಾಮಾನನ್ನೆಲ್ಲ ಅಂಗಳಕ್ಕೆ ತರಬೇಕಾಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಹಳ್ಳಕ್ಕೋ ಹೊಳೆಗೋ ಹೋಗಿ ಒಗೆಸಿಕೊಂಡು ಬರುತ್ತಿದ್ದವು. ದೀಪಾವಳಿಯ ಹಿಂದಿನ ದಿನ ಬಚ್ಚಲ ಹಂಡೆ ಬೆಳಗಿ ನೀರು ತುಂಬುವ ಹಬ್ಬ. ಹೋಳಿ ಹುಣ್ಣಿಮೆಗೆ ಊರ ಹುಡುಗರು ಹಿತ್ತಿಲಲ್ಲಿದ್ದ ಮುರುಕು ಮರ, ಹಳೆ ಕಟ್ಟಿಗೆಯನ್ನು ಕೇಳಿಯೋ ಕದ್ದೋ ಒಯ್ದು ಕಾಮನನ್ನು ಸುಡುತ್ತಿದ್ದರು. ಮನೆಯೊಡೆಯ ಬೈದಂತೆ ಮಾಡುತ್ತಿದ್ದ. ಹೋದದ್ದನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಬಟ್ಟೆಯಂತೂ ಹೊರಗೆ ಹೋಗುತ್ತಲೇ ಇರಲಿಲ್ಲ. ಉಟ್ಟು ಹಳತಾದ ಸೀರೆ ಕೌದಿಯಾಗುತ್ತಿತ್ತು, ಕೌದಿ ಸವೆದರೆ ಇನ್ನೊಂದು ಕೌದಿಯ ಒಳಪದರವಾಗುತ್ತಿತ್ತು, ಮೆತ್ತನೆಯ ಪಂಚೆಯ ತುಂಡು ಬಾಣಂತಿ ಕೋಣೆಗೂ ದೀಪದ ಬತ್ತಿಗೂ ಒದಗುತ್ತಿತ್ತು. ಧಾರವಾಡ, ವಿಜಯಪುರ ಕಡೆಯ ಕೌದಿಗಳಲ್ಲಿ, ಹಳಿಯಾಳ ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿದ ಕೌದಿಗಳಲ್ಲಿ, ಒಂದು ಮನೆಯ ಹತ್ತಿಪ್ಪತ್ತು ವರ್ಷದ ಉಡುಗೆಯನ್ನು ತುಂಡು ತುಂಡಾಗಿ ನೋಡಬಹುದು.

ಮನೆಯ ಸಾಮಾನಿಗೆ ನಿಜವಾದ ಲೆಕ್ಕ ನಡೆಯುತ್ತಿದ್ದದ್ದು ಪಾಲಾಗುವಾಗ. ಹಿಂದೂ ಅವಿಭಕ್ತ ಕುಟುಂಬದ ಪಾಲಿನ ನ್ಯಾಯಕ್ಕೆ ಭಾರತದ ಬಹುಭಾಗದಲ್ಲಿ ಆಧಾರವಾದ ‘ಮಿತಾಕ್ಷರಾ’ ಹುಟ್ಟಿದ್ದು ಕನ್ನಡ ನೆಲದಲ್ಲೇ. ಅದನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು. ಆ ಕಲ್ಯಾಣ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆಸ್ತಿಯ ದೊಡ್ಡ ಪ್ರಶ್ನೆಗಳ ನಡುವೆ ವಿಜ್ಞಾನೇಶ್ವರ ಮನೆಯ ಸಣ್ಣಪುಟ್ಟ ವಸ್ತುಗಳಿಗೂ ಇಳಿಯುತ್ತಾನೆ. ಯಾರು ಯಾವ ಬಟ್ಟೆ ತೊಡುತ್ತಿದ್ದರೋ ಅದು ಅವರದೇ, ಅದನ್ನು ಪಾಲಿಗೆ ತರುವಂತಿಲ್ಲ. ಏರಿ ಓಡಾಡುವ ವಾಹನವೂ ಹಾಗೆಯೇ. ಹೆಣ್ಣುಮಕ್ಕಳು ಮೈಮೇಲೆ ತೊಡುವ ಒಡವೆಗೆ ಕೈಹಾಕುವಂತಿಲ್ಲ. ಬೇಯಿಸಿದ ಅನ್ನವನ್ನು ಪಾಲು ಮಾಡುವುದಲ್ಲ, ಉಣ್ಣುವುದು. ಬಾವಿಗೆ ಬೆಲೆ ಕಟ್ಟಿ ಹಂಚುವುದಲ್ಲ, ಸರದಿಯಂತೆ ಸೇದಿಕೊಳ್ಳುವುದು. ತೀರಿಕೊಂಡ ತಂದೆಯ ಬಟ್ಟೆ, ಒಡವೆ, ಹಾಸಿಗೆಗಳು ಶ್ರಾದ್ಧದಲ್ಲಿ ಉಣ್ಣುವವನಿಗೆ ಸಲ್ಲಬೇಕು. ಸತ್ತವರ ವಸ್ತುಗಳನ್ನು ಏನು ಮಾಡಬೇಕೆಂಬ, ಇಂದಿಗೂ ಮನೆ ಖಾಲಿ ಮಾಡುವವರ ಕೈ ತಡೆಯುವ ಪ್ರಶ್ನೆಗೆ ಸುಮಾರು 900 ವರ್ಷದ ಹಿಂದಿನ ಈ ಗ್ರಂಥದಲ್ಲಿ ಸಿದ್ಧ ಉತ್ತರವಿತ್ತು: ಮನೆಯೊಳಗೆ ಇಟ್ಟುಕೊಂಡು ಕೂರಬೇಡಿ, ದಾನ ಮಾಡಿ ಹೊರಗೆ ಕಳಿಸಿ.

ಊರುಗಳಲ್ಲಿ ನಡೆಯುತ್ತಿದ್ದ ಪಾಲು ಗ್ರಂಥದಷ್ಟು ಅಚ್ಚುಕಟ್ಟಾಗಿರಲಿಲ್ಲ. ನಾಲ್ಕು ಜನ ಪಂಚರು ಜಗಲಿಯ ಮೇಲೆ ಕೂರುತ್ತಿದ್ದರು. ಸಾಮಾನನ್ನು ಸರಿಸುಮಾರು ಸಮನಾದ ರಾಶಿ ಮಾಡಿ ಮಗುವಿನ ಕೈಯಿಂದ ಚೀಟಿ ಎತ್ತಿಸುತ್ತಿದ್ದರು. ಜಗಳ ಹತ್ತುತ್ತಿದ್ದದ್ದು ಹೆಚ್ಚಾಗಿ ಪಾತ್ರೆಗೆ. ಇದಕ್ಕೆ ಸಾಕ್ಷಿ ಪಾತ್ರೆಯ ಮೇಲೆಯೇ ಇರುತ್ತಿತ್ತು. ಹಿತ್ತಾಳೆಯ ಕೊಡದ ಕತ್ತಿನ ಕೆಳಗೆ, ಕಂಚಿನ ತಟ್ಟೆಯ ಅಂಚಿನಲ್ಲಿ, ಮೊಳೆಯಂಥ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಅಕ್ಷರಗಳು: ಮನೆತನದ ಹೆಸರಿನ ಮೊದಲಕ್ಷರ, ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು, ಕೆಲವೊಮ್ಮೆ ವರ್ಷ. ಹೆಣ್ಣಿನ ತವರಿನ ಹೆಸರು ಕುಟ್ಟಿದ್ದರೆ ಅದು ಅವಳ ಬಳುವಳಿ, ಪಾಲಿನ ರಾಶಿಗೆ ಬರುವಂತಿಲ್ಲ. ಹೆಸರು ಹಾಕಿಸುವ ಪದ್ಧತಿಯನ್ನು ಬರಿಯ ಅಕ್ಕರೆ ಎಂದು ನೋಡುವುದುಂಟು. ಅದು ಮುಂದೆಂದೋ ಬರಲಿರುವ ಪಾಲಿಗೆ ಮುಂಚೆಯೇ ಬರೆದಿಟ್ಟ ದಾಖಲೆಯೂ ಹೌದು. ಇಷ್ಟಾದರೂ ಬಗೆಹರಿಯದಿದ್ದರೆ ಮನೆಯ ನಡುವೆ ಗೋಡೆ ಏಳುತ್ತಿತ್ತು, ಸಾಮಾನು ಇದ್ದಲ್ಲೇ ಇಬ್ಬರದಾಗುತ್ತಿತ್ತು.

ಮನೆಯನ್ನು ಒಮ್ಮೆಲೇ, ಆಯ್ಕೆಗೆ ಆಸ್ಪದವಿಲ್ಲದಂತೆ ಖಾಲಿ ಮಾಡಿಸಿದ್ದು ಪ್ಲೇಗು. 1896ರಲ್ಲಿ ಮುಂಬಯಿಗೆ ಬಂದ ರೋಗ 1898ರ ಆಗಸ್ಟಿನಲ್ಲಿ ರೈಲಿನ ದಾರಿ ಹಿಡಿದು ಬೆಂಗಳೂರು ಮುಟ್ಟಿತು. ಹೆಂಚು ತೆಗೆಸಿ ಬಿಸಿಲು ಬಿಡುವುದು, ಗೋಡೆಗೆ ಸುಣ್ಣ ಹೊಡೆಸುವುದು, ಸೋಂಕು ತಗಲಿದ ಬಟ್ಟೆ ಹಾಸಿಗೆ ಸುಡುವುದು, ಮನೆಯವರನ್ನು ಶಿಬಿರಕ್ಕೆ ಕಳಿಸುವುದು ಸರ್ಕಾರದ ಕ್ರಮಗಳಾಗಿದ್ದವು. ಪೇಟೆಯ ಇಕ್ಕಟ್ಟಾದ ಕತ್ತಲೆ ಮನೆಗಳಲ್ಲಿ ಒತ್ತೊತ್ತಾಗಿ ತುಂಬಿದ್ದ ಕಾಳುಕಡ್ಡಿ, ಬಟ್ಟೆಬರೆಯೇ ಇಲಿಗೆ ಆಸರೆ ಎಂಬುದು ಆಡಳಿತಕ್ಕೂ ಜನಕ್ಕೂ ಆಗ ಮನದಟ್ಟಾಯಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಈ ಭಯದ ಬೆನ್ನಿಗೇ ತುಂಬಿಕೊಂಡವು. ಅಗಲ ಬೀದಿ, ಮನೆಯ ಸುತ್ತ ಜಾಗ, ಗಾಳಿ ಬೆಳಕು ಅಲ್ಲಿನ ಯೋಜನೆಯ ಮೂಲಸೂತ್ರ. ಹಳ್ಳಿಗಳಲ್ಲಿ ಸರ್ಕಾರದ ಆಜ್ಞೆಗೆ ಯಾರೂ ಕಾಯಲಿಲ್ಲ. ಇಲಿ ಬಿದ್ದ ಸುದ್ದಿ ಹಬ್ಬಿದ ಕೂಡಲೇ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಗಾಡಿಗೆ ಏರುತ್ತಿದ್ದದ್ದು ಕಾಳಿನ ಚೀಲ, ನಾಲ್ಕು ಪಾತ್ರೆ, ದೇವರ ಪೆಟ್ಟಿಗೆ. ಬಾಗಿಲು ಹಾಕಿದ ಮನೆಗಳಲ್ಲಿ ಕಳ್ಳತನವಾಗುತ್ತಿತ್ತು, ಮಳೆ ಸೋರಿ ಅಟ್ಟ ಕೊಳೆಯುತ್ತಿತ್ತು. ಮೂರು ನಾಲ್ಕು ತಿಂಗಳ ಮೇಲೆ ಹಿಂದಿರುಗಿದವರು ಹೆಚ್ಚು ಸಾಮಾನಿಲ್ಲದೆಯೂ ಬದುಕು ನಡೆಯುತ್ತದೆಂಬುದನ್ನು ಕಂಡುಕೊಂಡೇ ಬಂದಿದ್ದರು. ಆದರೂ ಮತ್ತೆ ತುಂಬಿಸಿದರು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಪ್ಲೇಗಿನಂತೆ ಕಾನೂನೂ ಮನೆಗಳನ್ನು ಬರಿದು ಮಾಡಿತು. ತುಳುನಾಡಿನ ಅಳಿಯಸಂತಾನದ ಮನೆತನಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಆಸ್ತಿ ಹೆಣ್ಣಿನ ಸಂತತಿಯ ಮೂಲಕ ಇಡೀ ಕುಟುಂಬಕ್ಕೆ ಸೇರಿದ್ದು. ಯಜಮಾನ ನೋಡಿಕೊಳ್ಳುವವನೇ ಹೊರತು ಒಡೆಯನಲ್ಲ. ಒಬ್ಬನು ಎದ್ದು ನನ್ನ ಪಾಲು ಕೊಡಿ ಎಂದು ಕೇಳಿ ಮನೆ ಒಡೆಸುವಂತಿರಲಿಲ್ಲ. ಹಾಗಾಗಿಯೇ ಗುತ್ತಿನ ಮನೆ ಎನಿಸಿಕೊಂಡ ದೊಡ್ಡ ಮನೆಗಳು ಚಾವಡಿ, ಅಂಗಳ, ಕೆತ್ತನೆಯ ಕಂಬಗಳೊಡನೆ ಇಡಿಯಾಗಿ ನಿಂತವು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ವ್ಯಕ್ತಿಯ ಹಕ್ಕನ್ನು ಇನ್ನಷ್ಟು ಬಿಡಿಸಿತು. ಕೊನೆಯ ಏಟು ಭೂಸುಧಾರಣೆಯದು. ತಿದ್ದುಪಡಿಯಾದ ಕರ್ನಾಟಕ ಭೂಸುಧಾರಣಾ ಕಾಯ್ದೆಯಂತೆ 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿ ಉಳುವವನ ಪಾಲಾಯಿತು. ಉಳುವವನಿಗೆ ಅದು ನ್ಯಾಯ. ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಗೇಣಿಯ ಅಕ್ಕಿಯಿಂದಲೇ ನಡೆಯುತ್ತಿದ್ದ ದೊಡ್ಡ ಮನೆಗೆ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಖರ್ಚೂ ಹೊರೆಯಾಯಿತು. ತುಂಬಬೇಕಾದ ಭತ್ತವೇ ಇಲ್ಲದ ಮೇಲೆ ಕಣಜ ಯಾಕೆ? ಮೊದಲು ಕಣಜ ಬಿಚ್ಚಿದರು, ಆಮೇಲೆ ಮೇಲುಪ್ಪರಿಗೆಯ ಹಲಗೆ, ಆಮೇಲೆ ಕಂಬ.

ಅಲ್ಲಿಯೂ ಕೆಲವಕ್ಕೆ ಯಾರೂ ಬೆಲೆ ಕಟ್ಟಲಿಲ್ಲ. ಕುಟುಂಬದ ದೈವದ ಮೊಗ, ಕಡ್ಸಲೆ (ಕತ್ತಿ), ಉಯ್ಯಾಲೆ ಇರುವ ಕೋಣೆ ಮತ್ತು ಹಿತ್ತಿಲ ನಾಗಬನ ಮಾರಾಟಕ್ಕೆ ಒಳಪಡುವುದಿಲ್ಲ. ಜಾಗ ಬೇರೆ ಕೈಗೆ ಹೋದರೂ ಮೂಲನಾಗ ಅಲ್ಲೇ ಇರುತ್ತದೆ. ಮುಂಬಯಿಯಲ್ಲಿರುವ ಮೊಮ್ಮಕ್ಕಳು ನಾಗರ ಪಂಚಮಿಗೆ ಹಳೆಯ ಜಾಗವನ್ನೇ ಹುಡುಕಿಕೊಂಡು ಬರಬೇಕು. ಮನೆಯನ್ನು ಪೂರ್ತಿ ಖಾಲಿ ಮಾಡಲು ತುಳುನಾಡಿನಲ್ಲಿ ಇಂದಿಗೂ ಸಾಧ್ಯವಾಗಿಲ್ಲ ಎನ್ನಬಹುದು.

ಶರಾವತಿ ಕಣಿವೆಯವರಿಗೆ ಆ ಸಮಾಧಾನವೂ ಸಿಗಲಿಲ್ಲ. ಮೊದಲು ಹಿರೇಭಾಸ್ಕರದ ಅಣೆಕಟ್ಟು, ಆಮೇಲೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು, ಸಾಗರ ಮತ್ತು ಹೊಸನಗರ ಭಾಗದ ಹಳ್ಳಿಗಳನ್ನು ನೀರಿನಡಿಗೆ ಹಾಕಿದವು. ಹೊತ್ತೊಯ್ಯಬಹುದಾದ ಮರಮಟ್ಟು, ಬಾಗಿಲು, ಪಾತ್ರೆ, ದನಕರು ಹೊಸ ಜಾಗಕ್ಕೆ ಹೋದವು. ಅಡಕೆ ತೋಟ, ಬಾವಿ, ಕಟ್ಟೆ ಉಳಿದವು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಆ ಯೋಜನೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ಕೃಷ್ಣೆಯ ಆಲಮಟ್ಟಿ ಹಿನ್ನೀರು ಮುಂದೆ ಹಳೆ ಬಾಗಲಕೋಟೆಯ ಒಂದು ಭಾಗವನ್ನೇ ನವನಗರಕ್ಕೆ ಎತ್ತಿ ಕಳಿಸಿತು. ಮುಳುಗಡೆಯ ಊರುಗಳಲ್ಲಿ ಸಾಮಾನು ಆರಿಸಲು ಸಿಕ್ಕ ಗಡುವು ನದಿಯ ಮಟ್ಟ ಏರುವಷ್ಟು ಹೊತ್ತು ಮಾತ್ರ.

ಮನೆಯಿಂದ ಲೋಹ ಹೊರಬಿದ್ದ ಕಥೆಗೆ ಇಂಥ ದುರಂತವೇನೂ ಕಾರಣವಲ್ಲ. ತಾಮ್ರ ಹಿತ್ತಾಳೆಯ ಪಾತ್ರೆಗೆ ಹುಳಿ ತಾಗಿದರೆ ಅಡುಗೆ ಕಿಲುಬಾಗುತ್ತದೆ, ಅದಕ್ಕೆ ಆಗಾಗ ತವರದ ಕಲಾಯಿ ಹಾಕಿಸಬೇಕು. ಬೀದಿ ಬದಿಯಲ್ಲಿ ತಿದಿ ಊದಿ, ನವಸಾಗರದ ಬಿಳಿ ಹೊಗೆ ಎಬ್ಬಿಸಿ, ಬಟ್ಟೆಯುಂಡೆಯಿಂದ ಒಂದೇ ಬೀಸಿಗೆ ಪಾತ್ರೆಯ ಒಳಮೈ ಬೆಳ್ಳಗಾಗಿಸುತ್ತಿದ್ದ ಕಲಾಯಿಯವನು ವರ್ಷಕ್ಕೆರಡು ಸಲ ಬರುತ್ತಿದ್ದ. ಸ್ಟೀಲು ಬಂದ ಮೇಲೆ ಕಲಾಯಿ ಬೇಡವಾಯಿತು, ಹುಣಸೆಹಣ್ಣು ಹಾಕಿ ತಿಕ್ಕುವ ಶ್ರಮ ತಪ್ಪಿತು. ಗ್ಯಾಸ್ ಒಲೆ ಬಂದ ಮೇಲೆ ದೊಡ್ಡ ಬುಡದ ಪಾತ್ರೆ ಒಲೆಯ ಮೇಲೆ ನಿಲ್ಲಲಿಲ್ಲ. ಬಚ್ಚಲಿಗೆ ಬಾಯ್ಲರ್, ಗೀಸರ್ ಬಂದಾಗ ತಾಮ್ರದ ಹಂಡೆ ಇಳಿಯಿತು. ಹಳೆಯದು ಕೊಟ್ಟು ಹೊಸದು ಪಡೆಯುವ ಪಾತ್ರೆ ಅಂಗಡಿಯಲ್ಲಿ ಲೆಕ್ಕ ಹೀಗೆ: ಹಂಡೆಯನ್ನು ತೂಗುವುದು, ಮಸಿಗೆ, ಬೆಸುಗೆಗೆ, ತವರಕ್ಕೆ ಇಷ್ಟೆಂದು ಕಳೆಯುವುದು, ಉಳಿದ ತೂಕಕ್ಕೆ ಹಳೆ ತಾಮ್ರದ ದರ ಹಿಡಿದು ಹೊಸ ಸ್ಟೀಲಿನ ಬೆಲೆಯಲ್ಲಿ ಮುರಿದುಕೊಳ್ಳುವುದು. ಹಂಡೆಯ ಮೇಲೆ ಕುಟ್ಟಿದ ಅಕ್ಷರಕ್ಕೆ ಆ ತಕ್ಕಡಿಯಲ್ಲಿ ತೂಕವಿರಲಿಲ್ಲ. ಮೈಸೂರು ಸೀಮೆಯ ಎಷ್ಟೋ ಮನೆತನಗಳ ಮದುವೆಯ ದಾಖಲೆ ಹೀಗೆ ಕುಲುಮೆಯಲ್ಲಿ ಕರಗಿತು.

ಇದೇ ಕಾಲಕ್ಕೆ ಬಾಗಿಲಿಗೆ ಬಂದವರು ಬುಟ್ಟಿ ಹೊತ್ತ ಪಾತ್ರೆಯ ಹೆಂಗಸರು. ಹಳೆ ಬಟ್ಟೆಗೆ ಪಾತ್ರೆ. ಎರಡು ಪ್ಯಾಂಟು ಒಂದು ಸೀರೆಗೆ ಒಂದು ಡಬ್ಬಿ, ಮುಚ್ಚಳ ಬೇಕೆಂದರೆ ಇನ್ನೊಂದು ಸೀರೆ. ಚೌಕಾಸಿ ಅರ್ಧ ಗಂಟೆ ಎಳೆಯುತ್ತಿತ್ತು, ಎರಡೂ ಕಡೆಯವರು ಮೋಸಹೋದಂತೆ ಮುಖ ಮಾಡಿಕೊಂಡೇ ಮುಗಿಸುತ್ತಿದ್ದರು. ಹೀಗೆ ಹೋಗುತ್ತಿದ್ದ ಬಟ್ಟೆ ಸಂತೆಗಳಲ್ಲಿ ಮರುಮಾರಾಟವಾಗುತ್ತಿತ್ತು. ಕೌದಿ ಹೊಲಿಯುವ ಕೈ ಮನೆಯಲ್ಲಿ ಕಡಿಮೆಯಾದದ್ದು ಈ ವ್ಯಾಪಾರವನ್ನು ಬೆಳೆಸಿತು. ಜರಿ ಸೀರೆ ಕೊಳ್ಳುವವನದು ಬೇರೆಯೇ ಕಸುಬು. ಅವನು ಸೀರೆಯನ್ನು ಬಿಚ್ಚಿ ನೋಡುವುದಿಲ್ಲ, ಬಣ್ಣ ಕೇಳುವುದಿಲ್ಲ. ಸೆರಗಿನಿಂದ ಒಂದೆಳೆ ಕಿತ್ತು ಕಲ್ಲಿನ ಮೇಲೆ ಉಜ್ಜುತ್ತಾನೆ. ರೇಷ್ಮೆ ದಾರಕ್ಕೆ ಬೆಳ್ಳಿಯ ಎಳೆ ಸುತ್ತಿ ಚಿನ್ನದ ಮೆರುಗು ಕೊಟ್ಟ ಹಳೆಯ ಜರಿಯಾದರೆ ಬೆಳ್ಳಿಯ ಗೆರೆ ಮೂಡುತ್ತದೆ. ತಾಮ್ರದ ಜರಿಯಾದರೆ ಕೆಂಪು. ಅಂಚು ಸೆರಗು ಕತ್ತರಿಸಿ ಸುಟ್ಟರೆ ರೇಷ್ಮೆ ಬೂದಿಯಾಗಿ ಬೆಳ್ಳಿ ಉಳಿಯುತ್ತದೆ. ಅಜ್ಜಿಯ ಮದುವೆ ಸೀರೆಗೆ ಸಿಗುವುದು ಆ ಬೆಳ್ಳಿಯ ತೂಕದ ಬೆಲೆ ಮಾತ್ರ.

ಬೆಂಗಳೂರಿನಲ್ಲಿ ಮನೆ ಸಾಮಾನಿಗೆ ಇನ್ನೊಂದು ದಾರಿಯೂ ಇತ್ತು. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶದಲ್ಲಿ ಬ್ರಿಟಿಷ್ ಅಧಿಕಾರಿಗಳು ಕೆಲವೇ ವರ್ಷ ಇದ್ದು ವರ್ಗವಾಗಿ ಹೋಗುವವರು. ಹೋಗುವಾಗ ಮಂಚ, ಮೇಜು, ಪಿಂಗಾಣಿ, ಕುದುರೆಗಾಡಿಗಳನ್ನು ಹರಾಜು ಹಾಕುವುದು ಭಾರತದ ಎಲ್ಲ ದಂಡುಗಳಲ್ಲೂ ನಡೆದುಬಂದ ಪದ್ಧತಿ. ತೀರಿಕೊಂಡ ಸೈನಿಕನ ಬಟ್ಟೆಬರೆಯೂ ಅವನ ಪಡೆಯೊಳಗೇ ಹರಾಜಾಗುತ್ತಿತ್ತು. 1947ರ ನಂತರ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೊರಟಾಗ ಬೀಟೆಯ ಅಲಮಾರು, ಪಿಯಾನೊ, ನಿಲುಗನ್ನಡಿಗಳು ಮತ್ತೆ ಹರಾಜಿಗೆ ಬಂದವು. ಪೇಟೆಯ ಕನ್ನಡ ಮನೆಗಳಲ್ಲಿ ಹರಾಜೆಂದರೆ ಸಾಲಕ್ಕೆ ಬಿದ್ದವರ ಅವಮಾನ. ದಂಡಿನಲ್ಲಿ ಅದು ಊರು ಬಿಡುವವರ ಮಾಮೂಲು. ಒಂದೇ ಊರಿನ ಎರಡು ಭಾಗಗಳು ಮನೆ ಸಾಮಾನನ್ನು ಎಷ್ಟು ಬೇರೆಯಾಗಿ ನೋಡಿದವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಹರಾಜಿನಲ್ಲಿ ಬಿಕರಿಯಾಗದ್ದು, ಮನೆಯವರು ಹೊರಗೆ ಹಾಕಿದ್ದು ಗುಜರಿ ಸೇರುತ್ತಿತ್ತು. ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಹಳೇ ಪೇಪರ್, ಖಾಲಿ ಬಾಟ್ಲಿ ಎಂದು ಕೂಗುವವನಿಂದ ಹಿಡಿದು ಸಿಟಿ ಮಾರ್ಕೆಟ್ ಕಡೆಯ ಜಾಲಿ ಮೊಹಲ್ಲಾದ ಸಗಟು ವ್ಯಾಪಾರಿಯವರೆಗೆ ಇದೊಂದು ದೊಡ್ಡ ಸರಪಳಿ. ಇನ್ನೂ ಬಳಸಬಹುದಾದ ರೇಡಿಯೊ, ಬೀಗ, ಗಡಿಯಾರಗಳು ಚಿಕ್ಕಪೇಟೆಯ ಆಸುಪಾಸಿನ ಸಂಡೇ ಬಜಾರಿನ ನೆಲದ ಮೇಲೆ ಕಾಣಿಸಿಕೊಳ್ಳುತ್ತವೆ. ಪುಸ್ತಕಗಳು ಅವೆನ್ಯೂ ರಸ್ತೆಗೆ ಬರುತ್ತವೆ. ತೀರಿಕೊಂಡ ಮೇಷ್ಟರೊಬ್ಬರ ಹೆಸರು, ಕೊಂಡ ದಿನಾಂಕ ಮೊದಲ ಪುಟದಲ್ಲಿರುವ ಪುಸ್ತಕ ಅಲ್ಲಿ ಸಿಕ್ಕಿತೆಂದರೆ ಆ ಮನೆ ಆಗಷ್ಟೇ ಖಾಲಿಯಾಗಿದೆ ಎಂದು ಅರ್ಥ.

1970ರ ದಶಕದ ಹೊತ್ತಿಗೆ ಹಳೆಯ ಮರಕ್ಕೆ ಹೊಸ ಗಿರಾಕಿ ಹುಟ್ಟಿದ. ಕೆತ್ತಿದ ಬಾಗಿಲುವಾಡ, ಕಂಬ, ಉಯ್ಯಾಲೆ, ಮಸಾಲೆ ಪೆಟ್ಟಿಗೆಗಳು ನಗರದ ಹೊಸ ಶ್ರೀಮಂತರ ಮನೆಗೂ ಹೋಟೆಲುಗಳಿಗೂ ಬೇಕಾದವು. ತಮಿಳುನಾಡಿನ ಕಾರೈಕುಡಿ ಇಂಥ ಸಾಮಾನಿನ ಹೆಸರಾಂತ ಸಂತೆ. ಚೆಟ್ಟಿನಾಡಿನ ಬರಿದಾದ ಬಂಗಲೆಗಳ ಬರ್ಮಾ ತೇಗದ ಕಂಬಗಳು ಬೆಂಗಳೂರಿನ ಮನೆಗಳಲ್ಲಿ ನಿಂತದ್ದು ಆ ಮೂಲಕವೇ. ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯ್ದೆ 1972ರಲ್ಲಿ ಅಂಗೀಕಾರವಾಗಿ 1976ರಲ್ಲಿ ಜಾರಿಗೆ ಬಂತು. ನೂರು ವರ್ಷ ದಾಟಿದ ಶಿಲ್ಪ, ಕಲಾಕೃತಿ, ಕುಶಲಕೃತಿಗಳೂ, ಮಹತ್ವದ ಹಸ್ತಪ್ರತಿಯಾದರೆ 75 ವರ್ಷ ದಾಟಿದವೂ ಅದರ ವ್ಯಾಪ್ತಿಗೆ ಬರುತ್ತವೆ. ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ದೇವರ ಗೂಡಿನ ಹಳೆಯ ವಿಗ್ರಹವನ್ನು ಬಾಗಿಲಿಗೆ ಬಂದವನಿಗೆ ಮಾರುವ ಮನೆಯವರಲ್ಲಿ ಈ ಕಾಯ್ದೆಯ ಹೆಸರು ಕೇಳಿದವರು ಕಡಿಮೆ.

ಗಿರಾಕಿಗಳ ನಡುವೆ ಕೆಲವು ಹುಚ್ಚರೂ ಇದ್ದರು, ಒಳ್ಳೆಯ ಅರ್ಥದಲ್ಲಿ. ಬ್ಯಾಂಕ್ ನೌಕರರಾಗಿದ್ದ ಮಣಿಪಾಲದ ವಿಜಯನಾಥ ಶೆಣೈ ಕೆಡವುತ್ತಿದ್ದ ಮನೆಗಳ ಬಿಡಿಭಾಗ ಕೊಂಡು ತಂದು ಮೊದಲು ತಮ್ಮ ವಾಸದ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿದರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ, ಒಂದೊಂದು ತೊಲೆಗೂ ಗುರುತು ಹಾಕಿ, ಲಾರಿಯಲ್ಲಿ ತಂದು ಮಣಿಪಾಲದಲ್ಲಿ ಮರುಜೋಡಿಸಿದರು. ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರ್ ಹಾಲ್ ಅಲ್ಲಿವೆ. 2017ರಲ್ಲಿ ಅವರು ತೀರಿಕೊಂಡರು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಪಿ. ಆರ್. ತಿಪ್ಪೇಸ್ವಾಮಿ ಹಳ್ಳಿ ಹಳ್ಳಿ ತಿರುಗಿ ತಂದ ನೇಗಿಲು, ಕೊಳಗ, ಗೊಂಬೆಗಳು ಜಯಲಕ್ಷ್ಮೀ ವಿಲಾಸದಲ್ಲಿವೆ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಧರ್ಮಸ್ಥಳದ ಮಂಜೂಷಾ, ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರ ತುಳು ಬದುಕು ವಸ್ತುಸಂಗ್ರಹಾಲಯ ಎಲ್ಲವೂ ಬಹುಪಾಲು ಇಂಥ ಖಾಲಿಯಾದ ಮನೆಗಳಿಂದಲೇ ತುಂಬಿದವು. ಒಂದು ಕೊರತೆ ಎದ್ದು ಕಾಣುತ್ತದೆ. ಗುತ್ತಿನ ಮನೆಯ ಕಂಬ ಉಳಿಯಿತು, ಒಕ್ಕಲಿನ ಮುಳಿಹುಲ್ಲಿನ ಮನೆಯದು ಉಳಿಯಲಿಲ್ಲ. ಬೀಟೆ ಉಳಿಯಿತು, ಬಿದಿರು ಹೋಯಿತು.

ಎಲ್ಲಕ್ಕಿಂತ ಹೆಚ್ಚು ಹಾಳಾದದ್ದು ಕಾಗದ. ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ ಬಳಪದಿಂದ ಬರೆಯುತ್ತಿದ್ದ ಕಡತಗಳು ಹಳೆ ಮನೆಗಳ ಲೆಕ್ಕದ ಪುಸ್ತಕವಾಗಿದ್ದವು. ಕಂದಾಯ, ಸಾಲ, ಮದುವೆಯ ಖರ್ಚು, ಅಕ್ಕಿಯ ಧಾರಣೆ ಎಲ್ಲ ಅವುಗಳಲ್ಲಿರುತ್ತಿತ್ತು. ಶೃಂಗೇರಿಯಂಥ ಮಠಗಳಲ್ಲಿ ಅವು ರಾಶಿಯಾಗಿ ಉಳಿದವು, ಸಂಸಾರಸ್ಥರ ಮನೆಗಳಲ್ಲಿ ಅಷ್ಟು ಉಳಿಯಲಿಲ್ಲ. ತಾಳೆಗರಿಯನ್ನು ಓದಬಲ್ಲವರು ಮನೆಯಲ್ಲಿ ಮುಗಿದ ಮೇಲೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಹೊಳೆಗೆ ಬಿಡುವುದು ಭಕ್ತಿಯ ಕೆಲಸವಾಗಿತ್ತು; ಆ ಭಕ್ತಿಯಲ್ಲಿ ಎಷ್ಟು ಕಾವ್ಯ, ಎಷ್ಟು ವೈದ್ಯ ಹರಿದುಹೋಯಿತೋ ಹೇಳುವವರಿಲ್ಲ. ಗಿರಾಕಿ ಬಂದಲ್ಲಿ ಕಥೆ ಬೇರೆಯಾಯಿತು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿ ಮನೆಗಳಿಂದ ಹಸ್ತಪ್ರತಿ ಪಡೆಯತೊಡಗಿತು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಕಟ್ಟೊಂದರಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಒಂದು ಮನೆಯ ಕಟ್ಟು ಹೊಳೆಯ ಬದಲು ಲೈಬ್ರರಿಯ ಬಾಗಿಲಿಗೆ ಬಂದದ್ದರಿಂದ ಆದ ಲಾಭ ಅದು.

ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಹಳೆ ಮನೆ ಮಾರುವವರು ಮಾರುವುದು ಹೆಚ್ಚಾಗಿ ನಿವೇಶನವನ್ನು. ಕೊಳ್ಳುವವನಿಗೆ ಮನೆ ಬೇಡ, ನೆಲ ಬೇಕು. ಕ್ರಯಪತ್ರದ ಹೊತ್ತಿಗೆ ಖಾಲಿ ಸ್ವಾಧೀನ ಬೇಕು. ಕರ್ನಾಟಕದಲ್ಲಿ 1994ರ ತಿದ್ದುಪಡಿ, ಆಮೇಲೆ ದೇಶಕ್ಕೆಲ್ಲ 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದ ಸಮಪಾಲುದಾರರನ್ನಾಗಿ ಮಾಡಿದ್ದರಿಂದ ಅಮೆರಿಕದಲ್ಲಿರುವ ಮಗಳ ಸಹಿಯೂ ಬೇಕು. ಅವಳು ಸಹಿಗೆ ಬಂದ ಎರಡು ವಾರದಲ್ಲೇ ನಾಲ್ಕು ತಲೆಮಾರಿನ ಸಾಮಾನಿನ ವಿಲೇವಾರಿ ಆಗಬೇಕು. ಸಾಲಿಗ್ರಾಮ ಮಠಕ್ಕೆ ಹೋಗುತ್ತದೆ. ಒಡೆದ ದೇವರ ಪಟಗಳನ್ನು ರಾತ್ರಿ ಹೊತ್ತು ಅರಳಿಕಟ್ಟೆಗೆ ಒರಗಿಸಿ ಬರುತ್ತಾರೆ. ರುಬ್ಬುಗುಂಡು ಯಾರಿಗೂ ಬೇಡ, ನೆಲದಲ್ಲೇ ಬಿಡುತ್ತಾರೆ. ಕೊನೆಗೆ ಬರುವವನು ಮನೆ ಕೆಡವುವ ಗುತ್ತಿಗೆದಾರ. ತೇಗದ ಕಿಟಕಿ, ಕಬ್ಬಿಣದ ಸರಳು, ಮದ್ರಾಸ್ ತಾರಸಿಯ ತೊಲೆ ಚೆನ್ನಾಗಿದ್ದರೆ ಅವನೇ ಮನೆಯವರಿಗೆ ದುಡ್ಡು ಕೊಡುತ್ತಾನೆ, ಇಲ್ಲದಿದ್ದರೆ ಮನೆಯವರು ಅವನಿಗೆ ಕೊಡಬೇಕಾಗುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯ ಮಾದರಿಯ ಹೆಂಚುಗಳಿಗೆ ಈಗಲೂ ಗಿರಾಕಿ ಇದ್ದಾನೆ. ಹೊಸ ಫ್ಲ್ಯಾಟಿನಲ್ಲಿ ಅಟ್ಟವಿಲ್ಲ, ಬಚ್ಚಲ ಮೇಲೆ ಒಂದು ಸಣ್ಣ ಸಜ್ಜಾ ಇದೆ. ಅಲ್ಲಿಗೆ ಹಂಡೆ ಹತ್ತುವುದಿಲ್ಲ.

ಪಾತ್ರೆಗೆ, ಮರಕ್ಕೆ, ಜರಿಗೆ ಬೆಲೆ ಕೊಡುವವರು ಬಾಗಿಲಿಗೇ ಬರುತ್ತಾರೆ. ಅವುಗಳ ಚಿಂತೆ ಬೇಡ. ಮನೆ ಮಾರಲು ಹೊರಟವರು ಕಡತ, ತಾಳೆಗರಿ, ಹಳೆ ಪತ್ರ, ಫೋಟೊಗಳ ಪೆಟ್ಟಿಗೆಯನ್ನು ಪೇಪರಿನವನ ತಕ್ಕಡಿಗೆ ಇಡುವ ಮುಂಚೆ ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ಹಸ್ತಪ್ರತಿ ಭಂಡಾರಕ್ಕೋ ಒಮ್ಮೆ ತೋರಿಸಲಿ.